ಹರಿಗೋಲು ಕಾಯುತ್ತಿದ್ದ ಶಂಖ

ಹೊಳೆದಂಡೆಯ ಆಶ್ರಮದಲ್ಲಿ ಗುರುಪಾದನಿಗೆ ಇದ್ದದ್ದು ಒಂದೇ ಸೇವೆ. ಶಂಖ ಊದುವುದು.

ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ ಊದಬೇಕು. ಊದಿದ ಮೇಲೆಯೇ ಅಂಬಿಗ ಹುಲಗಪ್ಪ ಹರಿಗೋಲು ಬಿಟ್ಟು ಆಚೆ ದಡದವರನ್ನು ಕರೆತರಬೇಕು. ಹನ್ನೆರಡು ವರ್ಷದಿಂದ ಇದೇ ನಡೆದಿತ್ತು. ಗುರುಪಾದ ಕೆನ್ನೆ ಉಬ್ಬಿಸಿ ನಿಂತರೆ ಹೊಳೆಯೇ ಅವನ ಅಪ್ಪಣೆ ಕೇಳಿ ಹರಿಯುತ್ತದೆ ಅನ್ನಬೇಕು, ಅಷ್ಟು ಗತ್ತು.

ಎರಡು ತಿಂಗಳ ಹಿಂದೆ ಗುರುಗಳು ಹುಲಗಪ್ಪನಿಗೆ ಒಂದು ಮೊಬೈಲು ಕೊಡಿಸಿದ್ದರು. ಆಚೆ ದಡದವರ ಹತ್ತಿರ ಮೊಬೈಲು ಮೊದಲೇ ಇದ್ದವು. ಎಲ್ಲರನ್ನೂ ಸೇರಿಸಿ ಒಂದು ಗ್ರೂಪು ಮಾಡಿಸಿದರು. ಹೊಳೆ ದಾಟಬೇಕಾದವರು ಅದರಲ್ಲಿ ಹೇಳಿದರೆ ಸಾಕು, ಹುಲಗಪ್ಪನಿಗೆ ಆ ಕ್ಷಣವೇ ತಿಳಿಯುತ್ತಿತ್ತು.

ಒಂದು ದಿನ ಗುರುಪಾದ ಬಂದು ಕೈಮುಗಿದ.

“ಅಪ್ಪಾರ, ಆ ಮೊಬೈಲು ತಿರುಗಿ ಇಸ್ಕೊಂಡುಬಿಡ್ರಿ.”

“ಯಾಕಪಾ?”

“ಹರಿಗೋಲು ಮೊದ್ಲೂ ಮೂರು ಸಲ ಹೋಗ್ತಿತ್ತು, ಈಗೂ ಮೂರ ಸಲ. ಮಂದಿ ಮೊದ್ಲೂ ಕಾಯ್ತಿದ್ರು, ಈಗೂ ಕಾಯ್ತಾರ. ಅದು ಬಂದು ಏನು ಉಪಯೋಗಾತ್ರಿ?”

“ಖರೇ ಐತಿ,” ಅಂದರು ಗುರುಗಳು. “ನಾಳೆ ಏಳರ ಹರಿಗೋಲಿಗೆ ಆಚೆ ದಡಕ್ಕ ಹೋಗು. ಮಲ್ಲವ್ವನ ಕಡಿಂದ ಒಂದು ಕ್ಯಾನು ಹಾಲು ತಗೊಂಡು ಬಾ.”

“ಮೊಬೈಲಿಗೂ ಹಾಲಿಗೂ ಏನು ಸಂಬಂಧರಿ?”

“ಒಡೀದಂಗ ತಂದ್ರ ಹೇಳ್ತೀನಿ.”

ಮರುದಿನ ಗುರುಪಾದ ಶಂಖ ಊದಿದ, ಅದನ್ನು ಗೂಡಿನಲ್ಲಿಟ್ಟ, ಹರಿಗೋಲು ಹತ್ತಿದ. ಹುಲಗಪ್ಪ ಅವನನ್ನು ಆಚೆ ದಡಕ್ಕೆ ಇಳಿಸಿ ಹಿಂದಿರುಗಿದ.

ಎಂಟು ಗಂಟೆಗೆ ಮಲ್ಲವ್ವ ಎಮ್ಮೆ ಕರೆದು ಮುಗಿಸಿ ಹಾಲಿನ ಕ್ಯಾನು ಹೊತ್ತು ಬಂದಳು. ನೆಲಕ್ಕಿಟ್ಟು ಅದಕ್ಕೆ ಒದ್ದೆ ಬಟ್ಟೆ ಸುತ್ತಿದಳು. ಬಿಸಿಲು ಆಗಲೇ ಏರಿತ್ತು.

“ಹನ್ನೆರಡರ ತನಕ ಹಾಲು ಉಳೀತದೇನವ್ವಾ?”

“ಎಲ್ಲೀದ್ರಿ ಅಯ್ನಾರ! ಬ್ಯಾಸಗ್ಯಾಗ ನಿಮ್ಮ ದಂಡಿ ಡೇರಿ ಮುಟ್ಟೂದ್ರಾಗ ಒಡೆದಿರ್ತದ. ಎಮ್ಮಿಗೆ ಹುಲ್ಲು ಹಾಕೂದು, ಹಾಲು ಹೊಳೀಗೆ ಚೆಲ್ಲೂದು. ಸಾಕಾಗೇತ್ರಿ. ಸೋಮವಾರದ ಸಂತಿಗೆ ಎಮ್ಮಿ ಹೊಡಕೊಂಡು ಹೊಂಟೀನಿ.”

ಹೇಳುತ್ತಲೇ ಬಟ್ಟೆಗೆ ಇನ್ನಷ್ಟು ನೀರು ಚಿಮುಕಿಸಿದಳು. ಮನೆಯಲ್ಲಿದ್ದದ್ದೇ ಎರಡು ಎಮ್ಮೆ.

“ಗ್ರೂಪಿನ್ಯಾಗ ಹೇಳಬೇಕಿಲ್ಲೇನು?”

“ದಿನಾ ಹೇಳ್ತೀನ್ರಿ,” ಅಂದು ಮಲ್ಲವ್ವ ಮೊಬೈಲು ಬಾಯಿಯ ಹತ್ತಿರ ಹಿಡಿದಳು. “ಹುಲಗಪ್ಪಣ್ಣಾ, ಹಾಲೈತಿ, ಬಾರೋ.”

ಉತ್ತರ ತಕ್ಷಣ ಬಂತು. “ಕೇಳಿಸ್ತವ್ವಾ. ಶಂಖ ಊದಿದ ಕೂಡ್ಲೆ ಬರ್ತೀನಿ.”

ಗುರುಪಾದ ಮೊಬೈಲು ಕಸಿದುಕೊಂಡ. “ಹುಲಗಪ್ಪಾ, ನಾನೋ ಗುರುಪಾದ! ಹರಿಗೋಲು ತಾ.”

“ಇನ್ನೂ ಶಂಖ ಊದಿಲ್ರಿ, ಅಯ್ನಾರ.”

“ಊದಾಂವ ನಾನು ಇಲ್ಲೇ ಅದೀನಲ್ಲೋ!”

“ಅದಕ್ಕ ನಾ ಏನು ಮಾಡ್ಲಿರಿ? ಶಂಖ ಕೇಳಿಸೋ ಮೊದ್ಲ ಹರಿಗೋಲು ಬಿಟ್ರ ಈ ಘಟ್ಟಕ್ಕ ಕಾಲಿಡಬ್ಯಾಡ ಅಂದಾವ್ರು ನೀವ ಅಲ್ರಿ?”

ಅಂದಿದ್ದ. ಮೊಬೈಲು ಬಂದ ದಿನವೇ ಅಂದಿದ್ದ, ಅದೂ ನಾಲ್ಕು ಜನರ ಎದುರು.

ಮಲ್ಲವ್ವನಿಗೆ ಸಂಕಟದಲ್ಲೂ ನಗು ತಡೆಯಲಾಗಲಿಲ್ಲ. “ಇವತ್ತು ಹನ್ನೆರಡಾದ್ರೂ ಶಂಖ ಆಗಂಗಿಲ್ಲ ಬಿಡ್ರಿ.”

ಗುರುಪಾದ ಹಾಲು ನೋಡಿದ. ಬಿಸಿಲು ನೋಡಿದ. ಆಶ್ರಮದ ದಡದಲ್ಲಿ ಸುಮ್ಮನೆ ಕೂತಿದ್ದ ಹರಿಗೋಲನ್ನು ನೋಡಿದ. ಹನ್ನೆರಡು ವರ್ಷದ ಗತ್ತು ನುಂಗುವುದು ಸಣ್ಣ ತುತ್ತಲ್ಲ. ಕಷ್ಟಪಟ್ಟು ನುಂಗಿದ.

“ಶಂಖ ಬ್ಯಾಡ, ಹುಲಗಪ್ಪಾ. ಯಾರು ಕರೀತಾರೋ ಅವರ ಕಡೆ ಬಾ.”

ಕಾಲು ಗಂಟೆಯಲ್ಲಿ ಹರಿಗೋಲು ಬಂತು.

ಗುರುಗಳು ಹಾಲು ಕಾಯಿಸಿ ನೋಡಿದರು. ಒಡೆದಿರಲಿಲ್ಲ. ಒಂದು ಲೋಟ ಶಿಷ್ಯನಿಗೆ ಕೊಟ್ಟರು.

“ಈಗ ಹೇಳ್ರಿ, ಅಪ್ಪಾರ. ಮೊಬೈಲಿಗೂ ಹಾಲಿಗೂ ಏನು ಸಂಬಂಧ?”

“ಕುಡಿ. ಕುಡದ್ರ ಗೊತ್ತಾಗ್ತದ.”

ಸೋಮವಾರ ಬಂತು. ಮಲ್ಲವ್ವ ಸಂತೆಗೆ ಹೋಗಲಿಲ್ಲ.

ಖಣ ನೇಯುವ ರುದ್ರವ್ವ ಬಟ್ಟೆ ಕೊಟ್ಟು ನೂಲು ತರಲು ಮೊದಲು ಇಡೀ ದಿನ ಕಳೆಯುತ್ತಿದ್ದಳು. ಈಗ ಊಟದ ಹೊತ್ತಿಗೆ ಮನೆ ಸೇರಿ ಮಗ್ಗಕ್ಕೆ ಕೂರುತ್ತಿದ್ದಳು. ಬಡಿಗೇರ ಕಾಳಪ್ಪ ಬಾಗಿಲಿನ ಅಳತೆಯನ್ನು ಆಚೆ ದಡದಿಂದಲೇ ಮೊಬೈಲಿನಲ್ಲಿ ಕೇಳಿ ತಿಳಿದು ಮರ ಕೊಯ್ಯುತ್ತಿದ್ದ. ಅಳತೆಗೊಮ್ಮೆ, ಬಾಗಿಲಿಗೊಮ್ಮೆ ಎರಡು ಸಲ ದಾಟುವುದು ತಪ್ಪಿತು. ಕುಂಬಾರರು ಹರಿಗೋಲಿನಲ್ಲಿ ಜಾಗ ಇದೆಯೋ ಇಲ್ಲವೋ ಕೇಳಿಕೊಂಡೇ ಮಡಕೆ ಹೊರುತ್ತಿದ್ದರು. ಹರಿಗೋಲು ಒಂದು ದಿನ ಎಂಟು ಸಲ ಹೋಗುತ್ತಿತ್ತು, ಇನ್ನೊಂದು ದಿನ ನಾಲ್ಕೇ ಸಲ. ಖಾಲಿ ಮಾತ್ರ ಹಿಂದಿರುಗುತ್ತಿರಲಿಲ್ಲ.

ಹೊಳೆ ಮೊದಲಿನಷ್ಟೇ ಅಗಲ. ಹುಲಗಪ್ಪನ ರಟ್ಟೆಗಳೂ ಅವೇ. ಅಂಗೈಯಗಲದ ಒಂದು ವಸ್ತು ಎರಡು ದಡದ ಬದುಕನ್ನು ಹೀಗೆ ಎತ್ತಿ ನಿಲ್ಲಿಸಿದ್ದು ಕಂಡು ಗುರುಪಾದನಿಗೆ ನಿಜಕ್ಕೂ ಬೆರಗಾಯಿತು.

ಬೆರಗಿನ ಜೊತೆ ದುಃಖವೂ ಆಯಿತು. ಒಂದು ಸಂಜೆ ಶಂಖ ತಂದು ಗುರುಗಳ ಮುಂದಿಟ್ಟ.

“ಅಪ್ಪಾರ, ಎಲ್ಲಾರ ಕೆಲಸನೂ ಬೆಳೀತು. ನಂದೊಂದ ಹೋತು. ನಾ ಇನ್ನ ಈ ಆಶ್ರಮದಾಗ ಯಾಕ ಇರಬೇಕು?”

ಗುರುಗಳು ಹೊಳೆಯ ಕಡೆ ನೋಡಿದರು. ನಡುನೀರಿನಲ್ಲಿ ಹುಲಗಪ್ಪ ಹುಟ್ಟು ಹಾಕುತ್ತಿದ್ದ.

“ಹುಟ್ಟು ಹಿಡಿದಾಗ ಅವನ ಎರಡೂ ಕೈ ಬಿಡುವಿರಂಗಿಲ್ಲ. ಮೊನ್ನೆ ಒಬ್ಬ ಬಸುರಿ ಹೆಣ್ಣುಮಗಳು ಕರದಾಳ, ಅವನಿಗೆ ತಡಾಗಿ ತಿಳೀತು. ದಂಡಿಮ್ಯಾಲೆ ಕುಂತು ಕರೆ ಕೇಳಿ ಅವನಿಗೆ ಕೂಗಿ ಹೇಳಾಂವ ಒಬ್ಬ ಬೇಕು.”

ಅಷ್ಟು ಹೇಳಿ ಗ್ರೂಪಿಗೆ ಸೇರಿಸಿ ಪಕ್ಕದಲ್ಲಿಟ್ಟಿದ್ದ ಇನ್ನೊಂದು ಮೊಬೈಲನ್ನು ಎತ್ತಿ ಗುರುಪಾದನ ಅಂಗೈಯಲ್ಲಿಟ್ಟರು. ಇಡುತ್ತಿದ್ದ ಹಾಗೆ ಅದು ಬಡಿದುಕೊಂಡಿತು. ಆಚೆ ದಡದಿಂದ ಯಾರೋ ಕರೆಯುತ್ತಿದ್ದರು.

ಗುರುಪಾದ ಗುರುಗಳ ಮುಖ ನೋಡಿದ.

“ಹನ್ನೆರಡು ವರ್ಷ ನೀ ಊದಿದಿ, ಅವರು ಕೇಳಿದ್ರು,” ಅಂದರು ಗುರುಗಳು. “ಇನ್ನ ಅವರು ಹೇಳ್ತಾರ, ನೀ ಕೇಳು.”