ನಾಲಿಗೆಯ ಮೇಲಿನ ಮಣ್ಣು

“ಅಪ್ಪಾವರೇ, ದಸರಾ ಸೂಟಿಗಿ ಮಕ್ಕಳಿಗಿ ಪಟ್ಟಣಕ್ಕ ಕರಕೊಂಡು ಹೋಗಬೇಕಂತ ಮಾಡೀನ್ರಿ. ಇಬ್ರೂ ದೊಡ್ಡವರಾಗ್ಯಾರ. ಮ್ಯೂಸಿಯಂ ಒಂದು ಬ್ಯಾಡ ಅಂತಾರ. ನಾ ಏನು ತೋರಿಸ್ಲಿ ಹೇಳ್ರಿ.”

ಕೇಳಿದವನು ವೈಜನಾಥ. ಹೈಸ್ಕೂಲಿನಲ್ಲಿ ಗಣಿತ ಹೇಳುವ ಮಾಸ್ತರ, ಮಠದ ಹಳೆಯ ಶಿಷ್ಯ. ಕೈಯಲ್ಲಿ ಗೆರೆ ಹಾಕಿದ ಒಂದು ಹಾಳೆ ಇತ್ತು. ಮೂರು ದಿನದ ಪ್ರವಾಸವನ್ನು ಶಾಲೆಯ ವೇಳಾಪಟ್ಟಿಯ ಹಾಗೆ ಗಂಟೆ ಗಂಟೆಗೆ ಹಂಚಿದ್ದ. ಹನ್ನೊಂದರಿಂದ ಒಂದರವರೆಗೆ ದಿನಕ್ಕೊಂದು ಮ್ಯೂಸಿಯಂ. ಹಾಳೆಯ ಆ ಮೂರು ಚೌಕಗಳ ಮೇಲೂ ಅವನ ಮಗಳು ಪೆನ್ಸಿಲಿನಿಂದ ಕಾಟು ಹಾಕಿದ್ದಳು.

ಮಠದ ಗುರುಗಳು ಹಾಳೆಯನ್ನು ಕಣ್ಣಿನಿಂದ ದೂರ ಹಿಡಿದು ಪೂರ್ತಿ ಓದಿದರು. ಊಟಕ್ಕೆ ಅರ್ಧ ಗಂಟೆ ಕೊಟ್ಟಿದ್ದೀರಿ, ದಾರಿ ತಪ್ಪಲು ಎಷ್ಟು ಹೊತ್ತು ಇಟ್ಟಿದ್ದೀರಿ ಎಂದು ಕೇಳಿದರು. ಮಾಸ್ತರ ನಕ್ಕ, ಆದರೆ ಮನಸ್ಸು ಹಗುರಾಗಲಿಲ್ಲ. ತಾನು ಹುಡುಗನಾಗಿದ್ದಾಗ ತನ್ನ ತಂದೆ ತೋರಿಸಿದ್ದನ್ನೇ ಮಕ್ಕಳಿಗೂ ತೋರಿಸಬೇಕೆಂದು ಅವನ ಆಸೆ. ಇನ್ನೆರಡು ವರ್ಷದಲ್ಲಿ ಇಬ್ಬರೂ ಓದಲು ಹೊರಟುಹೋಗುತ್ತಾರೆ, ಆಮೇಲೆ ಇಂಥ ಪ್ರವಾಸ ಎಲ್ಲಿಂದ ಬರಬೇಕು ಎಂದು ಹೇಳುವಾಗ ಅವನ ದನಿ ಸಣ್ಣದಾಯಿತು. ಗುರುಗಳು ಹಾಳೆಯನ್ನು ಮಡಚಿ ಅವನ ಕೈಗೇ ಕೊಟ್ಟು, ಒಂದು ಕತೆ ಹೇಳಿದರು.

ಒಬ್ಬ ಬಿದರಿ ಕೆಲಸಗಾರನಿದ್ದ. ಲೋಹದ ಪಾತ್ರೆಯ ಮೇಲೆ ಸಣ್ಣ ಉಳಿಯಿಂದ ಬಳ್ಳಿ ಕೆತ್ತಿ, ಕೆತ್ತಿದ ಗೆರೆಯಲ್ಲಿ ಬೆಳ್ಳಿಯ ತಂತಿ ಕೂರಿಸುವ ಕೆಲಸ ಅವನದು. ಅವನ ತಂದೆಯೂ ಅದನ್ನೇ ಮಾಡಿದವನು. ತಂದೆ ತೀರಿಕೊಂಡು ಆರು ವರ್ಷವಾಗಿತ್ತು. ಆತ ಮಾಡಿದ ಸಾಮಾನು ಮನೆಯಲ್ಲಿ ಒಂದೂ ಇರಲಿಲ್ಲ. ಬಿದರಿ ಮಾಡುವವನ ಮನೆಯಲ್ಲಿ ಸ್ಟೀಲಿನ ಡಬ್ಬಿಗಳೇ ಇರುತ್ತವೆ, ಅದು ಯಾವತ್ತೂ ಹಾಗೇ. ಆತ ಮಾಡಿದವುಗಳಲ್ಲಿ ಒಂದೇ ಒಂದು ಎಲೆ ಅಡಿಕೆ ಪೆಟ್ಟಿಗೆ ಎಲ್ಲಿದೆ ಎಂಬುದು ಮಗನಿಗೆ ಗೊತ್ತಿತ್ತು. ಅದು ಪಟ್ಟಣದ ಮ್ಯೂಸಿಯಂನಲ್ಲಿತ್ತು.

ಈ ಕೆಲಸಗಾರನಿಗೆ ಇಬ್ಬರು ಮಕ್ಕಳು. ಮಗಳಿಗೆ ಹದಿನೇಳು, ಮಗನಿಗೆ ಹದಿನೈದು. ಮಗಳು ಇನ್ನೊಂದು ತಿಂಗಳಲ್ಲಿ ಹಾಸ್ಟೆಲಿಗೆ ಹೋಗುವವಳು. ಮಗನೂ ಉಳಿ ಹಿಡಿಯುವ ಲಕ್ಷಣ ಕಾಣುತ್ತಿರಲಿಲ್ಲ. ತನ್ನ ತಂದೆ ಎಂಥ ಮನುಷ್ಯನಾಗಿದ್ದ ಎಂಬುದು ತನ್ನೊಂದಿಗೇ ಮುಗಿದುಹೋಗುತ್ತದೆ ಎಂಬ ಹೆದರಿಕೆ ಅಪ್ಪನಿಗೆ ಹತ್ತಿತು. ರಾತ್ರಿ ಹಗಲು ಅದೇ ಯೋಚನೆ. ಮಗಳು ಹೋಗುವುದರೊಳಗೆ ಒಮ್ಮೆ ಇಬ್ಬರನ್ನೂ ಆ ಪೆಟ್ಟಿಗೆಯ ಮುಂದೆ ನಿಲ್ಲಿಸಬೇಕು ಎಂದು ನಿಶ್ಚಯಿಸಿದ.

ಮಕ್ಕಳು ಒಪ್ಪಲಿಲ್ಲ. ಪಟ್ಟಣಕ್ಕೆ ಬರುತ್ತೇವೆ, ಮ್ಯೂಸಿಯಂ ಬೇಡ ಎಂದರು. ಅವರದು ತಪ್ಪು ಎಂದು ನಾನು ಹೇಳಲಾರೆ, ಮಾಸ್ತರ. ಶಾಲೆಯಿಂದ ನೀವೇ ಕರೆದುಕೊಂಡು ಹೋಗುತ್ತೀರಲ್ಲ. ಸಾಲಾಗಿ ನಿಲ್ಲಿ, ಕೈ ಹಿಂದೆ ಕಟ್ಟಿ, ಯಾವುದನ್ನೂ ಮುಟ್ಟಬೇಡಿ, ಬೋರ್ಡಿನಲ್ಲಿ ಬರೆದದ್ದನ್ನು ನೋಟುಬುಕ್ಕಿನಲ್ಲಿ ಇಳಿಸಿಕೊಳ್ಳಿ, ನಾಳೆ ಪ್ರಬಂಧ ತನ್ನಿ. ಅಂಥ ಪ್ರವಾಸ ಮೂರು ಆದಮೇಲೆ ದೇವರನ್ನೇ ತಂದು ಗಾಜಿನೊಳಗೆ ಇಟ್ಟರೂ ಮಕ್ಕಳು ತಿರುಗಿ ನೋಡುವುದಿಲ್ಲ. ಕಡೆಗೆ ಅವರ ತಾಯಿ ನಡುವೆ ಬಂದು ಒಂದು ಒಪ್ಪಂದ ಮಾಡಿಸಿದಳು. ಮಧ್ಯಾಹ್ನ ಮೂರರವರೆಗೆ ಮಕ್ಕಳು ಹೇಳಿದ ಕಡೆ ಅಪ್ಪ ಬರಬೇಕು, ಮೂರರ ಮೇಲೆ ಅಪ್ಪ ಹೇಳಿದ ಕಡೆ ಮಕ್ಕಳು ಬರಬೇಕು.

ಬಸ್ಸು ಹೊರಟಿತು. ಕಿಟಕಿಯ ಪಕ್ಕ ಕೂತ ಅಪ್ಪನಿಗೆ ತನ್ನ ಹದಿನಾಲ್ಕನೆಯ ವಯಸ್ಸು ನೆನಪಾಯಿತು. ಪೆಟ್ಟಿಗೆಯನ್ನು ಮ್ಯೂಸಿಯಂಗೆ ಒಪ್ಪಿಸಲು ತಂದೆಯ ಜೊತೆ ಹೋದ ದಿನ ಅದು. ಆಗ ಕಲ್ಲಿದ್ದಲಿನ ರೈಲು. ತಂದೆ ಪೆಟ್ಟಿಗೆಯನ್ನು ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ, ದಾರಿಯುದ್ದಕ್ಕೂ ಕೆಳಗೆ ಇಡಲಿಲ್ಲ. ಇಳಿದ ಕೂಡಲೇ ನಿಲ್ದಾಣದ ಹೊರಗೆ ಚಹಾ ಕುಡಿದರು. ತಂದೆ ಕಪ್ಪಿನ ಬಸಿಗೆ ಸುರಿದು, ಊದಿ ಆರಿಸಿ, ಮೊದಲು ಮಗನಿಗೆ ಕೊಟ್ಟ. ಆ ಚಹಾ ನನಗೂ ಗೊತ್ತು. ನಾನು ಆ ಪಟ್ಟಣದಲ್ಲಿ ನಾಲ್ಕು ವರ್ಷ ಓದಿದವನು. ಓದಿದ್ದು ಒಂದಕ್ಷರ ನೆನಪಿಲ್ಲ, ಚಹಾ ನೆನಪಿದೆ.

ತಂದೆಗೆ ಓದು ಬರುತ್ತಿರಲಿಲ್ಲ. ಅಂಗಡಿಯ ಹೆಸರುಗಳನ್ನು ಮಗ ಓದಿ ಹೇಳುತ್ತಿದ್ದ. ತಂದೆ ದಾರಿಯಲ್ಲಿ ಸಿಕ್ಕ ಬಾಗಿಲ ಚಿಲಕ, ಟಾಂಗಾದ ದೀಪ, ಸೋಡಾ ಅಂಗಡಿಯ ಹಿತ್ತಾಳೆ ನಲ್ಲಿ, ಒಂದೊಂದನ್ನೂ ಉಗುರಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ಸದ್ದು ಕೇಳಿ ಯಾವ ಲೋಹಕ್ಕೆ ಯಾವುದನ್ನು ಬೆರೆಸಿದ್ದಾರೆ ಎಂದು ಮಗನಿಗೆ ಹೇಳುತ್ತಿದ್ದ. ಅಂಗಡಿಯವರು ಬೈಯುತ್ತಿದ್ದರು. ತಂದೆ ಕೈ ಮುಗಿದು ಮುಂದಿನ ಅಂಗಡಿಗೆ ಹೋಗಿ ಅಲ್ಲಿಯೂ ತಟ್ಟುತ್ತಿದ್ದ. ಅವತ್ತು ಹುಡುಗ ನಾಚಿಕೆಯಿಂದ ನೆಲಕ್ಕಿಳಿದುಹೋಗಿದ್ದ. ಈಗ ಮಾತ್ರ ಆ ಇಡೀ ದಿನದಲ್ಲಿ ಅವನಿಗೆ ಉಳಿದದ್ದು ಆ ಉಗುರಿನ ಸದ್ದೇ. ಮ್ಯೂಸಿಯಂನ ಒಳಗೆ ಏನೇನು ನೋಡಿದೆ ಎಂದು ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಕೂತು ಇದನ್ನೆಲ್ಲ ನೆನೆದು ಅವನ ಕಣ್ಣು ಒದ್ದೆಯಾಯಿತು. ಮಕ್ಕಳಿಗೆ ಮಾತ್ರ ಏನೂ ಹೇಳಲಿಲ್ಲ. ಹೇಳುವುದಕ್ಕೆ ಪೆಟ್ಟಿಗೆ ಇದೆಯಲ್ಲ ಎಂದುಕೊಂಡ.

ಪಟ್ಟಣದಲ್ಲಿ ಮಕ್ಕಳು ಮೊದಲು ಒಂದು ಸಿಟಿ ಬಸ್ಸು ಹತ್ತಿದರು. ಎಲ್ಲಿಗೆ ಎಂದು ಕೇಳಿದರೆ ಕಡೆಯ ಸ್ಟಾಪಿಗೆ ಎಂದರು. ಅಲ್ಲಿ ಏನಿದೆ ಎಂದರೆ ಗೊತ್ತಿಲ್ಲ ಎಂದರು. ಕಡೆಯ ಸ್ಟಾಪಿನಲ್ಲಿ ಇಳಿದು ಕಬ್ಬಿನ ಹಾಲು ಕುಡಿದು ಅದೇ ಬಸ್ಸಿನಲ್ಲಿ ಹಿಂದಿರುಗಿದರು. ಬಳೆಯ ಬಜಾರಿನಲ್ಲಿ ಒಂದೂ ಬಳೆ ಕೊಳ್ಳದೆ ಒಂದು ಗಂಟೆ ತಿರುಗಿದರು. ಕೆರೆಯ ಏರಿಯ ಮೇಲೆ ಕೂತು ದೋಣಿಗಳಿಗೆ ತಾವೇ ಹೆಸರಿಟ್ಟರು. ಅಪ್ಪ ಎಲ್ಲ ಕಡೆಗೂ ಬಂದ. ಒಪ್ಪಂದ ಒಪ್ಪಂದವೇ. ಆದರೆ ಎಲ್ಲಿ ಕೂತರೂ ಗಡಿಯಾರ ನೋಡುತ್ತಿದ್ದ. ಮಕ್ಕಳು ನಕ್ಕಾಗ ತಾನೂ ನಗುತ್ತಿದ್ದ, ಯಾಕೆ ನಕ್ಕರೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ.

ಎರಡೂವರೆಗೆ ಮ್ಯೂಸಿಯಂನ ದಾರಿ ಹಿಡಿದರು. ನಡುವೆ ಒಂದು ಗಲ್ಲಿಯಲ್ಲಿ ನವಾಬರ ಕಾಲದ ಹಳೆಯ ಹವೇಲಿಯನ್ನು ಕೆಡವುತ್ತಿದ್ದರು. ಗೋಡೆಗಳು ಆಗಲೇ ಹೋಗಿದ್ದವು. ಆಳುಗಳು ಒಳಮನೆಯ ಹಾಸುಗಲ್ಲು ಎಬ್ಬಿಸಿ, ಕೆಳಗಿನ ಮಣ್ಣನ್ನು ಅಗೆದು ರಸ್ತೆಯ ಪಕ್ಕಕ್ಕೆ ರಾಶಿ ಹಾಕುತ್ತಿದ್ದರು. ಅಪ್ಪ ಧೂಳಿಗೆ ಮೂಗು ಮುಚ್ಚಿಕೊಂಡು ಬೇಗ ಬೇಗ ದಾಟಿದ. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಹಿಂದೆ ಮಕ್ಕಳಿಲ್ಲ. ಇಬ್ಬರೂ ಆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಮಗಳು ಒಂದು ಚಿಟಿಕೆ ಮಣ್ಣನ್ನು ಅಂಗೈಯಲ್ಲಿ ತಿಕ್ಕಿ, ನಾಲಿಗೆಯ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿದ್ದಳು.

ಮಾಸ್ತರ, ಬಿದರಿ ಪಾತ್ರೆ ಮೊದಲೇ ಕಪ್ಪಗಿರುವುದಿಲ್ಲ. ಬೆಳ್ಳಿ ಕೂರಿಸಿದ ಮೇಲೂ ಅದು ಬೂದು ಬಣ್ಣದ್ದೇ. ಕಡೆಯಲ್ಲಿ ಅದನ್ನು ಬಿಸಿ ಮಾಡಿ, ಊರ ಕೋಟೆಯ ಹಳೆಯ ಮಣ್ಣನ್ನು ನವಸಾಗರವೆಂಬ ಉಪ್ಪಿನ ಜೊತೆ ಕಲಸಿ ತಿಕ್ಕುತ್ತಾರೆ. ಆಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎಲ್ಲ ಮಣ್ಣಿಗೂ ಆ ಗುಣವಿಲ್ಲ. ನೂರಾರು ವರ್ಷ ಬಿಸಿಲು ಮಳೆ ಕಾಣದೆ ಸೂರಿನ ಕೆಳಗೆ ಬಿದ್ದಿದ್ದ ಮಣ್ಣೇ ಆಗಬೇಕು. ಅದನ್ನು ಗುರುತಿಸಲು ಅವರ ಹತ್ತಿರ ಯಂತ್ರವಿಲ್ಲ, ಪುಸ್ತಕವಿಲ್ಲ. ನಾಲಿಗೆಯ ಮೇಲೆ ಇಟ್ಟು ನೋಡುತ್ತಾರೆ.

ಆ ಹುಡುಗಿಗೆ ಅದನ್ನು ಕಲಿಸಿದವನು ಅಜ್ಜ, ಮಕ್ಕಳ ಬಾಯಲ್ಲಿ ಮುತ್ಯಾ. ಅವಳು ಏಳು ವರ್ಷದವಳಿದ್ದಾಗ ಸೈಕಲ್ಲಿನ ಮುಂದಿನ ಪೈಪಿನ ಮೇಲೆ ಟವೆಲ್ಲು ಸುತ್ತಿ ಕೂರಿಸಿಕೊಂಡು ಕೋಟೆಗೆ ಕರೆದೊಯ್ಯುತ್ತಿದ್ದ. ಕೆಲಸ ಕಲಿಸಬೇಕೆಂದು ಅಲ್ಲ, ಮೊಮ್ಮಗಳು ಜೊತೆಗಿದ್ದರೆ ಮುದುಕನಿಗೆ ಖುಷಿ. ಒಂದು ಮೂಲೆಯ ಮಣ್ಣು, ಇನ್ನೊಂದು ಮೂಲೆಯ ಮಣ್ಣು ಎಂದು ಅವಳ ನಾಲಿಗೆಗೆ ಇಡುತ್ತಿದ್ದ. ಅವಳು ಮುಖ ಕಿವುಚಿದರೆ ಹಲ್ಲಿಲ್ಲದ ಬಾಯಿಯಲ್ಲಿ ನಗುತ್ತಿದ್ದ. ಅಕ್ಕನನ್ನು ನೋಡಿ ತಮ್ಮ ಕಲಿತ. ಮನೆಯಲ್ಲಿ ಇದನ್ನು ಯಾರೂ ವಿದ್ಯೆ ಎಂದು ಎಣಿಸಿರಲಿಲ್ಲ.

ಮಗಳು ಕಣ್ಣು ತೆರೆದು ಅಪ್ಪನನ್ನು ಕರೆದಳು.

“ಅಪ್ಪಾ, ಇದು ನಮ್ಮ ಕೋಟಿ ಮಣ್ಣಿನಂಗೇ ಅದ. ಆದ್ರ ಕಡೀಗಿ ನಾಲಿಗಿ ಚುಚ್ಚಂಗಿಲ್ಲ ನೋಡು.”

ತಮ್ಮ ತಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಚುಚ್ಚುತ್ತದೆ, ತಡವಾಗಿ ಚುಚ್ಚುತ್ತದೆ ಎಂದು ವಾದಕ್ಕೆ ನಿಂತ. ಅಗೆಯುವ ಆಳುಗಳು ಗುದ್ದಲಿ ನಿಲ್ಲಿಸಿ ನೋಡಿದರು. ಒಬ್ಬ ನಕ್ಕ. ಸ್ಕೂಟರಿನಲ್ಲಿ ಹೋಗುತ್ತಿದ್ದವರು ನಿಧಾನ ಮಾಡಿ ನೋಡಿದರು. ಅಪ್ಪನ ಮುಖ ಕೆಂಪಗಾಯಿತು. ಗಡಿಯಾರದಲ್ಲಿ ಮೂರಕ್ಕೆ ಹತ್ತೇ ನಿಮಿಷ ಇತ್ತು.

“ಉಗುಳ್ರಿ ಇಬ್ರೂ. ಮಂದಿ ನೋಡ್ಲತ್ತಾರ. ಮುತ್ಯಾನ ಪೆಟ್ಟಿಗಿ ನೋಡ್ಲಿಕ್ಕ ಬಂದು ಬೀದ್ಯಾಗ ಕೂತು ಮಣ್ಣು ತಿಂತೀರೇನು?”

ಇಬ್ಬರೂ ಉಗುಳಿದರು. ಬೀದಿಯ ನಲ್ಲಿಯಲ್ಲಿ ಬಾಯಿ ತೊಳೆದುಕೊಂಡರು. ಬಟ್ಟೆಯ ಧೂಳು ಕೊಡವಿಕೊಂಡು ಅಪ್ಪನ ಹಿಂದೆ ನಡೆದರು.

ಪೆಟ್ಟಿಗೆ ಮೂರನೆಯ ಕೋಣೆಯ ಮೂಲೆಯಲ್ಲಿತ್ತು. ಅಪ್ಪನ ಎದೆ ತುಂಬಿ ಬಂತು. ಕೈಯ ಎಣ್ಣೆ ತಾಗದೆ ಅದರ ಕಪ್ಪು ಮಾಸಿತ್ತು. ಗಾಜು ತೆಗೆದು ಒಮ್ಮೆ ಅಂಗೈಯಿಂದ ಒರೆಸಲೇ ಎನ್ನಿಸಿತು. ಮಕ್ಕಳಿಗೆ ತೋರಿಸಿದ. ನೋಡಿ, ಎಲ್ಲ ಎಲೆಗಳೂ ಬಲಕ್ಕೆ ತಿರುಗಿವೆ, ಈ ಒಂದು ಎಲೆ ಎಡಕ್ಕೆ, ಇದೇ ನಿಮ್ಮ ಅಜ್ಜನ ಗುರುತು ಎಂದ. ಮಕ್ಕಳು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಹೂಂ ಎಂದರು. ಅಜ್ಜ ಇದನ್ನು ತೊಡೆಯ ಮೇಲೆ ಇಟ್ಟುಕೊಂಡು ರೈಲಿನಲ್ಲಿ ತಂದ ಬಗೆ ಹೇಳಿದ. ಅದಕ್ಕೂ ಹೂಂ ಎಂದರು. ಸ್ವಲ್ಪ ಹೊತ್ತಾದ ಮೇಲೆ ಮಗ, ಬೋರ್ಡು ಬರೆದುಕೊಳ್ಳಬೇಕೇ ಎಂದು ಕೇಳಿದ. ಅವನು ತಮಾಷೆಗೆ ಕೇಳಿರಲಿಲ್ಲ.

ಊರಿಗೆ ಬಂದ ಮೇಲೆ ಅಪ್ಪ ಹೆಂಡತಿಯ ಹತ್ತಿರ, ನನ್ನ ದೊಡ್ಡ ಭಾರ ಇಳಿಯಿತು, ಇನ್ನು ಮಕ್ಕಳು ಮರೆಯುವುದಿಲ್ಲ ಎಂದು ಹೇಳಿದ. ಬಹಳ ಸಂತೋಷದಲ್ಲಿದ್ದ. ಮಕ್ಕಳೂ ಮುನಿಸಿಕೊಂಡಿರಲಿಲ್ಲ. ಬಸ್ಸಿನಲ್ಲಿ ತಿಂದದ್ದು, ದೋಣಿಗಳಿಗೆ ಇಟ್ಟ ಹೆಸರು, ಎಲ್ಲವನ್ನೂ ತಾಯಿಗೆ ಹೇಳಿ ನಕ್ಕರು. ಗಲ್ಲಿಯ ಮಣ್ಣಿನ ಮಾತು ಮಾತ್ರ ಯಾರೂ ಎತ್ತಲಿಲ್ಲ.

ಮುಂದಿನ ಭಾನುವಾರ ಕೆಲಸಕ್ಕೆ ಮಣ್ಣು ಬೇಕಾಯಿತು. ಯಾವಾಗಿನಂತೆ ಮಕ್ಕಳನ್ನೂ ಕರೆದುಕೊಂಡು ಕೋಟೆಗೆ ಹೋದ. ಪಾಳುಬಿದ್ದ ಒಂದು ಕೋಣೆಯ ಒಳಗೆ ಕೈ ಹಾಕಿ ಮಣ್ಣು ತೆಗೆದ. ಚಿಟಿಕೆ ಮಣ್ಣನ್ನು ಮಗಳ ಕಡೆ ಚಾಚಿದ. ಅವಳು ಕೈ ಮುಂದೆ ಮಾಡಿದವಳು ನಿಂತಳು. ಅತ್ತ ಇತ್ತ ನೋಡಿದಳು. ಅಲ್ಲಿ ನರಪಿಳ್ಳೆಯೂ ಇರಲಿಲ್ಲ, ಎರಡು ಆಡು ಮೇಯುತ್ತಿದ್ದವು. ಆದರೂ ಅವಳು ಬಾಯಿ ತೆರೆಯಲಿಲ್ಲ. ನೀನೇ ನೋಡಪ್ಪ ಎಂದು ಮೆಲ್ಲಗೆ ಹೇಳಿ ಮಣ್ಣು ಕಟ್ಟುವ ಬಟ್ಟೆಯನ್ನು ಹಾಸಿದಳು. ತಮ್ಮ ಅಕ್ಕನ ಮುಖ ನೋಡಿದ, ಅವನೂ ಮುಂದೆ ಬರಲಿಲ್ಲ. ಅಪ್ಪ ತಾನೇ ನಾಲಿಗೆಗೆ ಇಟ್ಟುಕೊಂಡ. ಮಣ್ಣು ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳಿದ. ಮಕ್ಕಳು ಹೂಂ ಎಂದರು.

ಮಗಳು ಹಾಸ್ಟೆಲಿಗೆ ಹೋದಳು. ಆಮೇಲೆ ಅವನು ಕೋಟೆಗೆ ಒಬ್ಬನೇ ಹೋಗುತ್ತಿದ್ದ. ಒಳ್ಳೆಯ ಕೆಲಸಗಾರ. ಅವನ ಪಾತ್ರೆಗಳ ಕಪ್ಪಿನ ಬಗ್ಗೆ ಇವತ್ತಿಗೂ ಜನ ಮಾತಾಡುತ್ತಾರೆ.

ಗುರುಗಳು ಕತೆಯನ್ನು ಇಲ್ಲಿಗೆ ಮುಗಿಸಿದರು. ವೈಜನಾಥ ಉತ್ತರಕ್ಕೆ ಕಾದ. ಲೆಕ್ಕ ಹೇಳುವ ಮನುಷ್ಯ, ಕಡೆಯ ಗೆರೆ ಬರೆಯದೆ ಎದ್ದುಹೋಗಲು ಅವನಿಗೆ ಮನಸ್ಸಾಗಲಿಲ್ಲ. ಆ ಅಪ್ಪನ ಮೇಲೆ ಅವನಿಗೆ ಕನಿಕರವೂ ಹುಟ್ಟಿತ್ತು.

“ಏನೇ ಆಗ್ಲಿ ಅಪ್ಪಾವರೇ, ಮಕ್ಕಳು ತಮ್ಮ ಮುತ್ಯಾನ ಕೈಕೆಲಸ ಒಮ್ಮಿ ಕಣ್ಣಾರೆ ನೋಡಿದಂಗಾತಲ್ರಿ?” ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು.

“ಮುತ್ಯಾನ್ನ ಆ ಮಕ್ಕಳು ಊರಿಂದಲೇ ಕರಕೊಂಡು ಬಂದಿದ್ರು, ಮಾಸ್ತರ, ಬೀದ್ಯಾಗ ಉಗುಳಿಸಿದಾವ ಅಪ್ಪ.”