ಸಿಟ್ಟು ಬಾರದ ತೋಟಗಾರ

“ಗುರುಗಳೇ, ಸಿಟ್ಟನ್ನು ಪೂರ್ತಿಯಾಗಿ ಗೆದ್ದವನಿಂದ ಯಾರಿಗಾದರೂ ಕೇಡು ಉಂಟೇ?” ಎಂದು ಶಿಷ್ಯ ವೃಷಭೇಂದ್ರ ಕೇಳಿದ. ಈಚೆಗೆ ಅವನು ಯಾರೊಡನೆಯೂ ವಾದಿಸುತ್ತಿರಲಿಲ್ಲ. ಅದನ್ನು ಗುರುಗಳು ಗಮನಿಸಲಿ ಎಂಬ ಆಸೆ ಪ್ರಶ್ನೆಯೊಳಗಿತ್ತು. ಗುರುಗಳು ಗಮನಿಸಿದ್ದರು. ಕತೆ ಹೇಳಿದರು.

ಒಂದು ಊರಿನ ವೈದ್ಯಶಾಲೆಯ ಹಿಂದೆ ಹಳೆಯ ಅಶೋಕ ಮರವೊಂದಿತ್ತು. ವಸಂತದಲ್ಲಿ ಅದರ ಕಾಂಡದ ಮೇಲೆಯೇ ಕೆಂಡದ ಬಣ್ಣದ ಹೂಗೊಂಚಲು ಅರಳುತ್ತಿದ್ದವು. ರಕ್ತಸ್ರಾವ ನಿಲ್ಲದ ಹೆಂಗಸರಿಗೆ ವೈದ್ಯ ಅದರ ತೊಗಟೆಯ ಕಷಾಯ ಕೊಡುತ್ತಿದ್ದ. ಮರಕ್ಕೆ ಮುಪ್ಪು ಬಂದಿತ್ತು. ಅದು ಬೀಳುವ ಮೊದಲು ಅಶೋಕದ ತೋಪೊಂದನ್ನು ಎಬ್ಬಿಸಬೇಕೆಂದು ಒಬ್ಬ ವರ್ತಕ ಸಂಕಲ್ಪ ಮಾಡಿದ. ತೋಪು ಇಡಿಸುವವನು ಬೀಜವನ್ನು ತಾನೇ ತಂದು ಕೊಡಬೇಕೆಂಬುದು ಆ ಊರಿನ ಪದ್ಧತಿ. ವರ್ತಕ ದೂರದ ಸಂತೆಯಿಂದ ಒಂದು ಚೀಲ ಬೀಜ ತಂದು ತೋಟಗಾರನ ಮುಂದಿಟ್ಟ.

ತೋಟಗಾರ ಸೌಮ್ಯನೆಂದು ಹೆಸರಾದವನು. ಒಂದು ಬೀಜವನ್ನು ಅಂಗೈಯಲ್ಲಿ ಹೊರಳಿಸಿದ. ಅಶೋಕದ ಬೀಜ ಕೋಡಿನೊಳಗೆ ಬೆಳೆಯುತ್ತದೆ, ಅಗಲ, ಚಪ್ಪಟೆ. ಇದು ಮೊಟ್ಟೆಯಂತೆ ಗುಂಡಗಿತ್ತು, ಸುತ್ತ ಗೀರಿತ್ತು. ಕಂಬದಂತೆ ನೆಟ್ಟಗೆ ಬೆಳೆಯುವ, ತಿಳಿಯದವರು ಅಶೋಕವೆಂದು ಕರೆಯುವ ಬೇರೊಂದು ಮರದ ಬೀಜ ಅದು. ಅವನಿಗೆ ನೋಡಿದೊಡನೆ ತಿಳಿಯಿತು. ಹೇಳಿದರೆ ವರ್ತಕನ ಮುಖ ಸಣ್ಣದಾಗುತ್ತದೆ, ಮಾತಿಗೆ ಮಾತು ಬೆಳೆಯುತ್ತದೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ ಎನ್ನಿಸಿಕೊಳ್ಳುವುದೇಕೆ? ತೋಟಗಾರ ಬೀಜ ಬಿತ್ತಿದ.

ಸಸಿಗಳು ಎದ್ದವು. ಅಶೋಕದ ಎಳೆಯ ಎಲೆಗಳು ಒಂದೇ ಕಡ್ಡಿಯಲ್ಲಿ ಜೋಡಿಜೋಡಿಯಾಗಿ, ತಾಮ್ರದ ಕುಚ್ಚಿನಂತೆ ಜೋತು ಬೀಳುತ್ತವೆ. ಇವು ಒಂಟಿ ಎಲೆಗಳು, ಅಂಚು ಅಲೆಯಲೆ. ವರ್ತಕ ಬಂದು ನೋಡಿ ಹಿಗ್ಗಿದ.

“ಏನಯ್ಯಾ, ನನ್ನ ಅಶೋಕಗಳ ಠೀವಿ ನೋಡಿದೆಯಾ? ಆ ಮುದಿ ಮರವೂ ಇದೆ, ಸೊಟ್ಟ ಬೆನ್ನಿನದು!”

“ಎಲ್ಲ ತಮ್ಮ ಕೈಗುಣ, ಧಣಿ.”

ಮುದಿ ಮರ ಆಗಲೂ ಕಾಯಿ ಬಿಡುತ್ತಿತ್ತು. ಉದುರಿದ ಬೀಜವನ್ನು ಒಣಗಲು ಬಿಡದೆ ನೆರಳಿನ ಹಸಿ ಮಣ್ಣಿನಲ್ಲಿ ಊರಿದ್ದರೆ ಸಾಕಿತ್ತು. ಬೇರೆ ಪಾತಿ ಮಾಡಿದರೆ ಏಕೆಂದು ವರ್ತಕ ಕೇಳುತ್ತಾನೆ, ಉತ್ತರ ಹೇಳಬೇಕಾಗುತ್ತದೆ. ತೋಟಗಾರ ಆ ಬೀಜಗಳನ್ನು ತರಗೆಲೆಯೊಡನೆ ಗುಡಿಸಿ ಸುಟ್ಟ.

ವರ್ಷಗಳು ಕಳೆದವು. ಮುದಿ ಮರ ಬಿತ್ತು. ಹಳೆಯ ವೈದ್ಯನೂ ತೀರಿಕೊಂಡ. ಅವನ ಜಾಗಕ್ಕೆ ಬಂದವನು ಅಶೋಕವನ್ನು ಗ್ರಂಥದಲ್ಲಿ ಓದಿದ್ದ, ಕಣ್ಣಿನಿಂದ ನೋಡಿರಲಿಲ್ಲ. ತೋಪಿನ ಮರ ತೋರಿಸಿ, ಇದೇ ಅಶೋಕವೇ ಎಂದು ತೋಟಗಾರನನ್ನೇ ಕೇಳಿದ. “ಊರು ಹಾಗೆನ್ನುತ್ತದೆ, ಸ್ವಾಮಿ” ಎಂದು ತೋಟಗಾರ ಕೈಮುಗಿದ. ವೈದ್ಯ ತೊಗಟೆ ಕೆತ್ತಿಕೊಂಡು ಹೋದ.

ಒಬ್ಬ ಕುಂಬಾರನ ಹೆಂಡತಿಗೆ ರಕ್ತ ಹೋಗುತ್ತಿತ್ತು. ಕಷಾಯ ಕುಡಿಸಿದರು. ನಿಲ್ಲಲಿಲ್ಲ. ಮತ್ತೆ ಕುಡಿಸಿದರು. ಅವಳು ಸತ್ತಳು.

ಮಣ್ಣು ಮಾಡಿ ಬಂದ ಕುಂಬಾರ ತೋಪಿನಲ್ಲಿ ನಿಂತ. ಆವರೆಗೆ ಊರಿನಲ್ಲಿ ಯಾರೂ ತಲೆಯೆತ್ತಿ ನೋಡಿರದುದನ್ನು ಅವನು ನೋಡಿದ. ವಸಂತ ಬಂದಿತ್ತು, ಅಷ್ಟು ಮರಗಳಲ್ಲಿ ಒಂದರ ಮೇಲೂ ಕೆಂಪು ಹೂವಿರಲಿಲ್ಲ. ಅವನು ನೇರವಾಗಿ ತೋಟಗಾರನ ಬಾಗಿಲಿಗೆ ಹೋದ.

“ಇದು ಅಶೋಕವಲ್ಲ. ನಿನಗೆ ಗೊತ್ತಿತ್ತೋ ಇಲ್ಲವೋ? ಅಷ್ಟು ಹೇಳು.”

“ಗೊತ್ತಿತ್ತಪ್ಪ. ದೊಡ್ಡವರಿಗೆ ಎದುರಾಡುವುದು ನನ್ನ ಸ್ವಭಾವವಲ್ಲ.”

ಕುಂಬಾರ ಕೈಯೆತ್ತಿದ. ಸೇರಿದ ಜನ ಅವನ ರಟ್ಟೆ ಹಿಡಿದು ಎಳೆದರು. “ಇರುವೆಯನ್ನೂ ನೋಯಿಸದ ಸಾಧುವಿನ ಮೇಲೆ ಕೈ ಮಾಡುತ್ತೀಯೇನೋ, ಪಾಪಿ!” ಎಂದು ಉಗಿದರು. ತೋಟಗಾರನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಗುರುಗಳು ನಿಲ್ಲಿಸಿದರು. ವೃಷಭೇಂದ್ರನ ಮನಸ್ಸು ಆ ಕದಲದ ಮುಖದಲ್ಲೇ ನಿಂತಿತ್ತು.

“ತೋಟಗಾರ ಆ ಕುಂಬಾರನನ್ನು ಕ್ಷಮಿಸಿದನೇ, ಗುರುಗಳೇ?”

“ಕ್ಷಮಿಸಿದ; ಕ್ಷಮೆ ಕೇಳಬೇಕಾದವನು ಯಾರೆಂಬುದು ಆ ಊರಿಗೆ ಹೊಳೆಯಲಿಲ್ಲ, ನಿನಗೂ ಹೊಳೆಯಲಿಲ್ಲ.”