ಉಸ್ಸಪ್ಪನ ಕಲ್ಲು

ಗೂಗೆಮರಡಿ ಕೋಟೆಯನ್ನು ನೋಡಲು ಬರುವವರು ಮೊದಲ ಬಾಗಿಲಿನಲ್ಲಿ ನಗುತ್ತಾ ಫೋಟೊ ತೆಗೆಸಿಕೊಳ್ಳುತ್ತಾರೆ, ಎರಡನೆಯದರಲ್ಲಿ ನೀರು ಕುಡಿಯುತ್ತಾರೆ, ಮೂರನೆಯದರಲ್ಲಿ ಈ ಪ್ರವಾಸದ ಯೋಚನೆ ಯಾರ ತಲೆಯಲ್ಲಿ ಹುಟ್ಟಿದ್ದೆಂದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಅಲ್ಲಿಂದ ಮೇಲೆ ದಾರಿ ಕಿರಿದಾಗಿ ಎರಡು ಹೆಬ್ಬಂಡೆಗಳ ನಡುವೆ ನುಸುಳುತ್ತದೆ. ಬಿಸಿಲಿಗೆ ಕಾದ ಬಂಡೆಗಳು ಎರಡೂ ಮಗ್ಗುಲಿನಿಂದ ರೊಟ್ಟಿ ಹೆಂಚಿನ ಹಾಗೆ ಝಳ ಹೊಡೆಯುತ್ತವೆ. ಆ ಸಂದಿನ ಮೇಲ್ತುದಿಯಲ್ಲಿ, ದಾರಿಯ ನಟ್ಟನಡುವೆ, ಒಂದು ಉದ್ದನೆಯ ಕಲ್ಲು ಬಿದ್ದಿದೆ. ಮೂರು ಮೈ ನಯವಾಗಿ ಕೆತ್ತಿದ್ದು. ನಾಲ್ಕನೆಯದರಲ್ಲಿ ಉಳಿಯ ಗುರುತು ಹಾಗೆಯೇ ಉಳಿದಿದೆ. ನಡುವೆ ಕೊಂಚ ತಗ್ಗಾಗಿ, ಹಳೆಯ ಒರಳಿನಂತೆ ಮಿರುಗುವ ಇದೇ ಉಸ್ಸಪ್ಪನ ಕಲ್ಲು. ಮೂರ್ತಿಯಿಲ್ಲ, ಗುಡಿಯಿಲ್ಲ, ಪೂಜಾರಿಯಿಲ್ಲ. ಪಕ್ಕದಲ್ಲಿ ಒಂದು ನೀಲಿ ಫಲಕ ಮಾತ್ರ ಇದೆ: ‘ಇದರ ಮೇಲೆ ಕುಳಿತುಕೊಳ್ಳಬಾರದು.’

ಉಸ್ಸಪ್ಪ ಯಾರು ಎಂದು ಕೇಳಿದವರಿಗೆ ನಮ್ಮೂರಿನಲ್ಲಿ ಒಂದೇ ಉತ್ತರ ಸಿಗುವುದಿಲ್ಲ. ಪಾಳೆಯಗಾರನ ಪಟ್ಟದಾನೆ ಇಲ್ಲಿ ಕುಳಿತಿದ್ದರಿಂದ ಕಲ್ಲು ತಗ್ಗಾಯಿತೆಂದು ಕೆಲವರಿಗೆ ನಾನೇ ಹೇಳಿದ್ದುಂಟು. ಅಷ್ಟು ಸಣ್ಣ ಸಂದಿನಲ್ಲಿ ಆನೆ ಹೇಗೆ ನುಸುಳಿತೆಂದು ಈವರೆಗೆ ಒಬ್ಬರೂ ಕೇಳಿಲ್ಲ. ಕೇಳುವಷ್ಟು ಉಸಿರು ಅಲ್ಲಿ ಯಾರಿಗೂ ಉಳಿದಿರುವುದಿಲ್ಲ. ಆದರೆ ಹಿರಿಯರ ಬಾಯಿಂದ ಬಂದ ಸಂಗತಿ ಬೇರೆಯೇ ಇದೆ, ಮತ್ತು ಅದಕ್ಕೆ ನಾನು ಸೇರಿಸಿದ್ದು ಬಹಳ ಕಡಿಮೆ.

ಹಿಂದೆ ಒಮ್ಮೆ ಈ ಗುಡ್ಡವನ್ನು ಆಳುತ್ತಿದ್ದ ಕೆಂಗಣ್ಣನಾಯಕನೆಂಬ ಪಾಳೆಯಗಾರನಿಗೆ ಅರಮನೆ ಕಟ್ಟಿಸುವ ಹುಚ್ಚು, ಅದಕ್ಕಿಂತ ಹೆಚ್ಚಾಗಿ ಕಟ್ಟಿಸಿದ್ದನ್ನು ತೋರಿಸುವ ಹುಚ್ಚು ಇತ್ತು ಎನ್ನುತ್ತಾರೆ. ಯಾರು ಯಾವ ಕೆಲಸಕ್ಕೆ ಬಂದರೂ ಮೊದಲು ಅರಮನೆ ನೋಡಬೇಕು, ಅಹವಾಲೇನಿದ್ದರೂ ಆಮೇಲೆ. ತೋರಿಸುವುದಕ್ಕೆಂದೇ ರಂಗಪ್ಪಯ್ಯನೆಂಬ ಊಳಿಗದವನಿದ್ದ. ಅವನು ಬಂದವರನ್ನು ಹಿಂದೆ ಹಾಕಿಕೊಂಡು, ‘ಇದು ಗಂಧದ ಬಾಗಿಲು, ಮುಟ್ಟಬಾರದು, ಇದು ಕನ್ನಡಿ ತೊಟ್ಟಿ, ಇಣುಕಬಾರದು, ಇದು ರಾಣಿವಾಸದ ಕಿಟಕಿ, ಕತ್ತೆತ್ತಬಾರದು’ ಎನ್ನುತ್ತಾ ಸುತ್ತಿಸುತ್ತಿದ್ದ. ಹೇಳಿ ಹೇಳಿ ಅವನ ದನಿ ಎಣ್ಣೆ ಕಾಣದ ಗಾಣದಂತಾಗಿತ್ತು. ನೋಡಿ ಮುಗಿಸುವಷ್ಟರಲ್ಲಿ ಹೊತ್ತು ಇಳಿದು ಹೆಬ್ಬಾಗಿಲು ಹಾಕುವ ಕಹಳೆ ಕೇಳಿಸುತ್ತಿತ್ತು. ಬಂದವರು ತಂದ ಅಹವಾಲನ್ನು ಬುತ್ತಿಗಂಟಿನ ಜೊತೆಗೇ ಕಟ್ಟಿಕೊಂಡು ಕೆಳಗಿಳಿಯುತ್ತಿದ್ದರು. ಇದರ ಮೇಲೆ ಇನ್ನೊಂದು ಕಟ್ಟಳೆ. ಗುಡ್ಡದ ಮೇಲೆ ಕೂರುವ ಹಕ್ಕು ದೊರೆಗೆ ಮತ್ತು ದೇವರಿಗೆ ಮಾತ್ರ. ದೇವರ ಮುಂದೆ ಭಕ್ತರು ಕೂತರೆ ತಪ್ಪಿರಲಿಲ್ಲ. ಮಿಕ್ಕೆಲ್ಲ ಕಡೆ ನಿಂತೇ ಇರಬೇಕು. ಕೂತು ಸಿಕ್ಕಿಬಿದ್ದವರಿಗೆ ಹೊಸ ಉಪ್ಪರಿಗೆಗೆ ಕಲ್ಲೆಳೆಯುವ ಶಿಕ್ಷೆ. ಉಪ್ಪರಿಗೆಗೆ ಕಲ್ಲು ಎಷ್ಟಿದ್ದರೂ ಸಾಲದಾಗಿತ್ತಾದ್ದರಿಂದ ಕಟ್ಟಳೆ ಬಹಳ ಬಿಗಿಯಾಗಿತ್ತು. ದೊರೆಯೇನೂ ಸುಖದಲ್ಲಿರಲಿಲ್ಲವೆನ್ನಿ. ಪಾಳೆಯಗಾರನಾದವನು ಸಿಂಹಾಸನ ಬಿಟ್ಟು ಬೇರೆ ಕಡೆ ಕೂರಬಾರದು, ದಣಿವನ್ನು ಬಾಯಿಂದ ಹೊರಗೆ ಬಿಡಬಾರದು ಎಂದು ಅವನ ತಂದೆ ಎಳವೆಯಲ್ಲೇ ಕಲಿಸಿದ್ದ. ಅವನ ಎದುರಿಗೆ ಯಾರೂ ನಿಟ್ಟುಸಿರು ಬಿಡುತ್ತಿರಲಿಲ್ಲ. ಹೀಗಾಗಿ ಲೋಕದಲ್ಲಿ ಅಂಥದ್ದೊಂದು ಶಬ್ದವಿದೆ ಎಂಬುದೇ ಅವನ ಕಿವಿಗೆ ಬಿದ್ದಿರಲಿಲ್ಲ.

ಗುಡ್ಡದ ಕೆಳಗಿನ ಊರಿನಲ್ಲಿ ಕಂಬಳಿ ನೇಯುವ ಕಾಟಯ್ಯ, ಅವನ ಹೆಂಡತಿ ಪಾಲಕ್ಕ ಇದ್ದರು. ಅರಮನೆಗೆ ಕಂಬಳಿ ಕೊಡಲು ಹೋದ ಕಾಟಯ್ಯ ಕಾಲಿಗೆ ಚುಚ್ಚಿದ ಜಾಲಿಮುಳ್ಳು ಕೀಳಲೆಂದು ಹೊಸಿಲ ಮೇಲೆ ಒಂದು ಚಣ ಕೂತ. ಅಷ್ಟೇ, ಮುಳ್ಳು ಕಾಲಲ್ಲಿರುವಾಗಲೇ ಹೆಗಲಿಗೆ ಹಗ್ಗ ಬಿತ್ತು. ಮಳೆಗಾಲಗಳು ಬಂದುಹೋದವು, ಮನುಷ್ಯ ಕೆಳಗಿಳಿಯಲಿಲ್ಲ. ಗಂಡನನ್ನು ಬಿಡಿಸಿಕೊಳ್ಳಲು ಪಾಲಕ್ಕ ಹತ್ತಿದ್ದೇ ಹತ್ತಿದ್ದು. ಹತ್ತಿದಾಗಲೆಲ್ಲ ಅವಳಿಗೆ ಅರಮನೆ ತೋರಿಸಿ ಕಳಿಸಿದರು. ಯಾವ ಬಾಗಿಲಿನ ಯಾವ ಗಿಳಿಯ ಕೊಕ್ಕು ಮುರಿದಿದೆ ಎಂಬುದೂ ಅವಳಿಗೆ ಬಾಯಿಪಾಠವಾಯಿತು. ಮಗ್ಗದ ಮೇಲೆ ಕಾಟಯ್ಯ ಬಿಟ್ಟುಹೋದ ಅರೆ ಕಂಬಳಿಗೆ ಗೆದ್ದಲು ಹಿಡಿಯಿತು.

ಕೊನೆಯ ಸಲ ಹೋದಾಗ ರಂಗಪ್ಪಯ್ಯ ಎಂದಿನಂತೆ ಶುರುಮಾಡಿದ. “ಇದು ಗಂಧದ ಬಾಗಿಲು…”

“ಮುಟ್ಟಬಾರದು. ಗೊತ್ತೈತೆ ಕಣಣ್ಣಾ. ಬಾಗಿಲಿಗೇ ನನ್ನ ಗುರುತು ಸಿಕ್ಕೈತೆ, ನಿನಗೆ ಸಿಕ್ಕಿಲ್ಲ. ದೊರೆ ಯಾವಾಗ ಸಿಗ್ತಾರೆ, ಅದನ್ನ ಹೇಳು.”

“ಮುಂದೆ ಕನ್ನಡಿ ತೊಟ್ಟಿ ಐತೆ, ನಡಿಯವ್ವ” ಎಂದ ರಂಗಪ್ಪಯ್ಯ. ನಾಲ್ಕು ಹೆಜ್ಜೆ ಹೋದ ಮೇಲೆ ತಿರುಗಿ ನೋಡದೆಯೇ ಅಂದನಂತೆ: “ನೋಡೀ ನೋಡೀ ನಿನಗೇ ಇಷ್ಟು ಸಾಕಾಗಿದ್ರೆ, ತೋರ್ಸಿ ತೋರ್ಸಿ ನನಗೆ ಎಷ್ಟು ಸಾಕಾಗಿರ್ಬೇಕು, ಹೇಳು.”

ಅಂದೂ ಕಹಳೆ ಮೊಳಗಿತು, ಅಂದೂ ಅವಳು ಬರಿಗೈಯಲ್ಲಿ ಇಳಿದಳು. ಅವಳನ್ನು ಹೊರಗೆ ಹಾಕಿ ಬರಲು ರಂಗಪ್ಪಯ್ಯನೂ ಜೊತೆಗಿದ್ದ. ಸಂದಿನ ಹತ್ತಿರ ಬಂದರೆ ದಾರಿಗೆ ಅಡ್ಡವಾಗಿ ಉಪ್ಪರಿಗೆಯ ಹೆಬ್ಬಾಗಿಲಿಗೆಂದು ಎಳೆದು ತಂದ ಕಲ್ಲು. ಆ ಹೊತ್ತಿಗೆ ದೊರೆ ಕಲ್ಲು ನೋಡಲು ಕೆಳಗಿಳಿದು ಬರುವ ರೂಢಿಯಿದ್ದುದರಿಂದ ಎಳೆಯುವವರೆಲ್ಲ ಹಗ್ಗ ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಹಗ್ಗದ ಕೊನೆಯಲ್ಲಿ ಒಬ್ಬ ಮುದುಕ ಕೆಮ್ಮಿದ. ಕೆಮ್ಮು ಕೇಳಿದ ಮೇಲೆಯೇ ಅವನು ಕಾಟಯ್ಯನೆಂದು ಪಾಲಕ್ಕನಿಗೆ ತಿಳಿದದ್ದು. ಕಟ್ಟಳೆ, ಶಿಕ್ಷೆ ಯಾವುದೂ ನೆನಪಾಗಲಿಲ್ಲ. ಆ ಕಲ್ಲಿನ ಮೇಲೆಯೇ ದೊಪ್ಪನೆ ಕೂತು, “ಉಸ್ಸಪ್ಪಾ!” ಎಂದಳು.

ಹಿಂದೆಯೇ ಕೆಂಗಣ್ಣನಾಯಕ ನಿಂತಿದ್ದ.

“ಯಾರನ್ನ ಕರೆದೆ?” ಎಂದ ದೊರೆ.

ನಮ್ಮ ಸೀಮೆಯಲ್ಲಿ ಅಪ್ಪ ಎಂದು ಮುಗಿಯುವ ದೇವರುಗಳಿಗೆ ಬರವಿಲ್ಲ, ಗುಂಡಿಗೊಬ್ಬ, ಗುಡ್ಡಕ್ಕೊಬ್ಬ. ದೊರೆಯ ಕಿವಿಗೆ ಅದೂ ಒಂದು ದೇವರ ಹೆಸರಾಗಿ ಕೇಳಿಸಿತ್ತು. ಪಾಲಕ್ಕ ಒಮ್ಮೆ ಹಗ್ಗದ ಕೊನೆಯತ್ತ ನೋಡಿದಳು. ಎದ್ದರೆ ತಪ್ಪೊಪ್ಪಿದಂತೆ, ತನ್ನ ಹೆಗಲಿಗೂ ಹಗ್ಗ. ಏಳಲಿಲ್ಲ.

“ನಮ್ಮ ದೇವರನ್ನ ಬುದ್ಧೀ. ಉಸ್ಸಪ್ಪ. ಇಲ್ಲೇ, ಈ ಕಲ್ಲಾಗೆ ನೆಲೆ ನಿಂತವ್ನೆ.”

“ನನ್ನ ಗುಡ್ಡದಾಗೆ ನನಗೇ ಕಾಣದ ದೇವರೆ?”

“ಬಡವರ ದೇವರು ಬುದ್ಧೀ. ನಿಂತವರಿಗೆ ಕಾಣಾಕಿಲ್ಲ.”

ಕೆಂಗಣ್ಣನಾಯಕ ಶತ್ರುಗಳಿಗೆ ಹೆದರಿದವನಲ್ಲ, ಆದರೆ ಪೂಜೆ ತಪ್ಪಿದ ದೇವರೆಂದರೆ ಅವನಿಗೆ ಮೈ ನಡುಗುತ್ತಿತ್ತು. ಪೂಜೆ ಹೇಗೆಂದು ಕೇಳಿದ. “ಹೂವು ಕಾಯಿ ಏನೂ ಒಲ್ಲ ಬುದ್ಧೀ. ಕೂರಬೇಕು, ಬೆನ್ನು ಬಿಡಬೇಕು, ಕಾಲು ಚಾಚಿ ಒಂದು ಸಲ ಹೆಸರು ಕರೀಬೇಕು” ಎಂದಳು ಪಾಲಕ್ಕ. ದೊರೆ ಸುತ್ತ ನೋಡಿದ. ಆಮೇಲೆ ಮೆಲ್ಲನೆ, ಮುರಿದುಹೋಗುವ ವಸ್ತುವನ್ನು ಇಳಿಸುವಂತೆ, ತನ್ನನ್ನು ತಾನು ಆ ಕಲ್ಲಿನ ಮೇಲೆ ಇಳಿಸಿಕೊಂಡ. ಕಾಲು ಚಾಚಿದ. “ಉಸ್ಸಪ್ಪಾ” ಎಂದ. ಕರೆಯಬೇಕೆಂದು ಕರೆದದ್ದಲ್ಲ, ಅದಾಗಿಯೇ ಬಂತಂತೆ. ಹುಟ್ಟಿದಂದಿನಿಂದ ಹೊಟ್ಟೆಯ ತಳದಲ್ಲಿ ಕಟ್ಟಿಟ್ಟಿದ್ದೆಲ್ಲ ಬಂತಂತೆ. ಪಕ್ಕದಲ್ಲಿ ಕೂತವಳ ಮಾತು ಕೂತವನಿಗೆ ಕೇಳಿಸುವಂತೆ ನಿಂತವನಿಗೆ ಕೇಳಿಸುವುದಿಲ್ಲ. ಪಾಲಕ್ಕ ಆಗ ತನ್ನ ಅಹವಾಲು ಹೇಳಿದಳು. ಎಷ್ಟೋ ಸಲ ಗುಡ್ಡ ಹತ್ತಿಳಿದ ಆ ಅಹವಾಲು ಅಷ್ಟರಲ್ಲಿ ಸವೆದು ಸಣ್ಣದಾಗಿತ್ತು.

“ಅಗೋ, ಹಗ್ಗದ ಕೊನೆಗೆ ನಿಂತವನು ನನ್ನ ಗಂಡ. ಅವನನ್ನ ಕೂರ್ಸಿ ಬುದ್ಧೀ.”

ದೊರೆ ತಲೆಯೆತ್ತದೆ ಕೈಯಾಡಿಸಿದ. “ಕೂರಲಿ. ಎಲ್ಲಾರೂ ಕೂರಲಿ.”

ಎಲ್ಲರೂ ಕೂತರು. ಕಾಟಯ್ಯನ ಮೊಣಕಾಲುಗಳು ಮಾತ್ರ ಕೂರುವುದು ಹೇಗೆಂದು ಮರೆತಿದ್ದವು. ಪಾಲಕ್ಕ ಕೈ ಹಿಡಿದು ಜಗ್ಗಿ ಕೂರಿಸಿದಳು. ಕೂತು ಅವನು ಮೊದಲು ಮಾಡಿದ ಕೆಲಸವೆಂದರೆ ಪಾದ ಎತ್ತಿ ಮುಳ್ಳು ಹುಡುಕಿದ್ದು. ಅಷ್ಟೂ ಜನ ಒಟ್ಟಿಗೆ “ಉಸ್ಸಪ್ಪಾ” ಎಂದಾಗ ಕೆಳಗಿನ ಊರಿನ ಹೆಂಗಸರು ಮಳೆಗಾಳಿ ಬಂತೆಂದು ಒಣಹಾಕಿದ ಮೆಣಸಿನಕಾಯಿ ಒಳಗೆ ತೆಗೆದುಕೊಂಡರಂತೆ. ರಂಗಪ್ಪಯ್ಯನೂ ಕೂತ. ‘ಇದು ಉಸ್ಸಪ್ಪನ ಕಲ್ಲು’ ಎಂದವನು ಮುಂದೆ ಏನನ್ನು ಮಾಡಬಾರದೆಂದು ಹೇಳಲು ತೋಚದೆ ಅಲ್ಲಿಗೇ ನಿಲ್ಲಿಸಿದ.

ದೇವರು ನೆಲೆಸಿದ ಕಲ್ಲನ್ನು ಕದಲಿಸುವಂತಿಲ್ಲ. ಅದು ಬಿದ್ದಲ್ಲಿಂದ ಬೇರೆ ಕಲ್ಲು ಮೇಲೆ ಹೋಗಲು ದಾರಿಯಿಲ್ಲ. ಹೀಗೆ ಉಪ್ಪರಿಗೆಯ ಕೆಲಸ ನಿಂತಿತು, ಎಳೆಯುವವರು ಮನೆಗೆ ಹೋದರು. ತನಗೆ ಟೋಪಿ ಬಿತ್ತೆಂದು ಕೆಂಗಣ್ಣನಾಯಕನಿಗೆ ತಿಳಿಯಿತೋ ಇಲ್ಲವೋ ಹೇಳುವವರಿಲ್ಲ. ತಿಳಿದಿದ್ದರೂ ಸಂಜೆಯ ಪೂಜೆಯನ್ನು ಅವನು ಸಾಯುವತನಕ ತಪ್ಪಿಸಲಿಲ್ಲ ಎನ್ನುತ್ತಾರೆ.

ಈಗಲೂ ಗುಡ್ಡದ ನೆತ್ತಿಗೆ ಹೋದವರು ಮಾಡು ಕಾಣದ ಕಂಬಗಳನ್ನು, ಬಾಗಿಲಿಲ್ಲದ ಬಾಗಿಲವಾಡವನ್ನು ನೋಡುತ್ತಾರೆ. ಉಪ್ಪರಿಗೆ ಶತ್ರುಗಳ ಫಿರಂಗಿಗೆ ಉರುಳಿತೆಂದು ಗೈಡುಗಳು ಹೇಳುತ್ತಾರೆ. ಹೇಳಲಿ, ಅವರೂ ಬೆಳಗಿನಿಂದ ನಿಂತವರು. ನೆತ್ತಿಯವರೆಗೆ ಹೋಗುವವರಾದರೂ ಕಡಿಮೆ. ಮೊನ್ನೆ ಒಬ್ಬಾಕೆ ಸಂದು ದಾಟಿ ಬಂದು, “ಇನ್ನೂ ಎಷ್ಟು ದೂರ ರೀ?” ಎಂದು ಕೇಳಿದರು. “ಇಲ್ಲೇ, ಇನ್ನೊಂದೇ ಬಾಗಿಲು” ಎಂದರು ಗಂಡ. “ಹೋದ ಬಾಗಿಲಲ್ಲೂ ಹಂಗೇ ಅಂದ್ರಿ” ಎಂದವರೇ ಆಕೆ ಕೈಚೀಲ, ಚಪ್ಪಲಿ, ಇತಿಹಾಸ ಎಲ್ಲವನ್ನೂ ಅಲ್ಲೇ ಇಳಿಸಿ ಕಲ್ಲಿನ ಮೇಲೆ ಕೂತು, ಯಾರೂ ಹೇಳಿಕೊಡದೆ, ದೇವರ ಹೆಸರು ಕರೆದರು. ಕೂತವರನ್ನು ಏಳಿಸಲೆಂದೇ ನೇಮಿಸಿದ ಕಾವಲುಗಾರ ತಿಪ್ಪೇಶಿ ಅಲ್ಲೇ ಇದ್ದ. ಅವನ ಕೊರಳಲ್ಲಿ ಸೀಟಿಯಿತ್ತು, ಊಟದ ಚೀಲ ನೀಲಿ ಫಲಕಕ್ಕೆ ತೂಗುಬಿದ್ದಿತ್ತು. ಅವನು ಸೀಟಿ ಊದಲಿಲ್ಲ. ತಾನು ಕೂತಲ್ಲಿಂದ ಕೊಂಚ ಆಚೆ ಸರಿದು ಗಂಡನಿಗೂ ಜಾಗ ಮಾಡಿಕೊಟ್ಟ.